ಲ್ಯಾಬ್ ಟೆಕ್ನಿಷಿಯನ್ ಕೋರ್ಸು: ಕಲ್ಚರ್ ಪಾಠ ಬೋರ್ಡ್ ಮೇಲೆ ಮುಗಿದರೆ ನಮ್ಮ ರಿಪೋರ್ಟ್ ಗತಿ ಏನು?

ರಾಣೇಬೆನ್ನೂರು: ಎಸ್ಸೆಸ್ಸೆಲ್ಸಿ, ಪಿಯುಸಿ ರಿಸಲ್ಟ್ ಬಂತು ಅಂದರೆ ನಮ್ಮ ಕಡೆ ಬಸ್ ಸ್ಟ್ಯಾಂಡ್ ಸುತ್ತಮುತ್ತ ಫ್ಲೆಕ್ಸ್‌ಗಳ ಸುಗ್ಗಿ. 'ಡಿಎಂಎಲ್‌ಟಿ ಪ್ರವೇಶ ಆರಂಭ', 'ಓದು ಮುಗಿದ ಕೂಡಲೇ ಕೆಲಸ', 'ಹಾಸ್ಟೆಲ್ ಇದೆ' ಅಂತ ದೊಡ್ಡಕ್ಷರದಲ್ಲಿ ಬರೆದಿರುತ್ತೆ. ಡಿಎಂಎಲ್‌ಟಿ ಅಂದರೆ ಮೆಡಿಕಲ್ ಲ್ಯಾಬ್ ಟೆಕ್ನಿಷಿಯನ್ ಆಗೋ ಡಿಪ್ಲೊಮಾ. ಎಂಬಿಬಿಎಸ್ ಸೀಟು ಕೈಗೆಟುಕದ, ನರ್ಸಿಂಗ್ ಬೇಡ ಅನ್ನೋ ಮನೆಗಳಲ್ಲಿ ಮುಂದಿನ ಆಯ್ಕೆ ಬಹಳ ಸಲ ಇದೇ. ರೈತರ ಮಕ್ಕಳು, ಕಿರಾಣಿ ಅಂಗಡಿಯವರ ಮಕ್ಕಳು ಸೇರ್ತಾರೆ. ಬಿಳಿ ಕೋಟು ಸಿಗುತ್ತೆ, ನೆರಳಲ್ಲಿ ಕೆಲಸ, ಊರಲ್ಲೇ ಉಳೀಬಹುದು.

ಸೇರಿಸೋಕೆ ಹೋದ ತಂದೆತಾಯಿ ಕೇಳೋ ಪ್ರಶ್ನೆ ಮೂರು. ಫೀ ಎಷ್ಟು? ಹಾಸ್ಟೆಲ್ ಇದೆಯಾ? ಕೆಲಸ ಸಿಗುತ್ತಾ? ಮೂರೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ನಾಲ್ಕನೇದನ್ನು ಯಾರೂ ಕೇಳಲ್ಲ: 'ನನ್ನ ಮಗಳ ಕೈಯಿಂದ ಕಲ್ಚರ್ ಮಾಡಿಸ್ತೀರಾ, ಇಲ್ಲ ತೋರಿಸಿ ಕಳಿಸ್ತೀರಾ?'

ಇದು ಕಾಲೇಜಿನ ಒಳಗಿನ ವಿಷಯ, ನಮಗ್ಯಾಕೆ ಅಂತ ಅನ್ನಿಸಬಹುದು. ಆದರೆ ಉರಿಮೂತ್ರ, ವಾಸಿಯಾಗದ ಗಾಯ, ವಾರಗಟ್ಟಲೆ ಬಿಡದ ಜ್ವರ ಅಂತ ನಾವು ಲ್ಯಾಬಿಗೆ ಹೋದಾಗ ನಮ್ಮ ಸ್ಯಾಂಪಲ್ ಹಿಡಿಯೋದು ಇದೇ ಹುಡುಗ, ಹುಡುಗಿಯರ ಕೈ. ಕೆಳಗೆ ಸಹಿ ಡಾಕ್ಟರದು, ಮೇಲಿನ ಕೆಲಸ ಟೆಕ್ನಿಷಿಯನ್‌ದು. ಆ ಕೈಗೆ ಅಭ್ಯಾಸ ಇಲ್ಲದಿದ್ದರೆ ಸಹಿ ಎಷ್ಟು ದೊಡ್ಡದಿದ್ದರೂ ರಿಪೋರ್ಟ್ ಸರಿಯಾಗಲ್ಲ.

ಮಷಿನ್ ಮಾಡೋ ಕೆಲಸ, ಕೈ ಮಾಡೋ ಕೆಲಸ

ಹೊರಗಿನಿಂದ ನೋಡೋರಿಗೆ ಲ್ಯಾಬ್ ಅಂದರೆ ಒಂದೇ. ಒಳಗೆ ಮುಖ್ಯವಾಗಿ ಮೂರು ಥರದ ಕೆಲಸ ನಡೀತವೆ. ರಕ್ತದ ಕಣ ಎಣಿಸೋದು ಒಂದು. ಶುಗರ್, ಕ್ರಿಯಾಟಿನಿನ್, ಲಿವರ್ ಟೆಸ್ಟ್ ಥರದ ಲೆಕ್ಕ ಇನ್ನೊಂದು. ಮೂರನೇದು ಮೈಕ್ರೋಬಯಾಲಜಿ, ಅಂದರೆ ರೋಗ ತಂದ ಸೂಕ್ಷ್ಮಜೀವಿ ಯಾವುದು, ಅದು ಯಾವ ಔಷಧಿಗೆ ಬಗ್ಗುತ್ತೆ ಅಂತ ಹಿಡಿಯೋದು.

ಮೊದಲೆರಡು ಈಗ ಬಹುಪಾಲು ಮಷಿನ್ ಪಾಲಾಗಿವೆ. ರಕ್ತ ಇಟ್ಟರೆ ನಂಬರ್ ಬರುತ್ತೆ, ಪ್ರಿಂಟ್ ಆಗುತ್ತೆ. ಮೂರನೇದಕ್ಕೂ ದೊಡ್ಡ ಆಸ್ಪತ್ರೆಗಳಲ್ಲಿ ಮಷಿನ್ ಇವೆ. ತಾಲೂಕು ಮಟ್ಟದಲ್ಲಿ ಕಲ್ಚರ್ ಮಾಡಿದರೆ ಅದು ಕೈಕೆಲಸವೇ. ಟೇಲರ್ ಕತ್ತರಿ ಹಿಡಿದ ಹಾಗೆ, ಅಕ್ಕಸಾಲಿ ಊದುಗೊಳವೆ ಹಿಡಿದ ಹಾಗೆ. ನೋಡಿದರೆ ಬರಲ್ಲ, ಮಾಡಿ ಕೆಡಿಸಿ ಮತ್ತೆ ಮಾಡಿದರೆ ಬರುತ್ತೆ. ಮೈಕ್ರೋಬಯಾಲಜಿಯ ಮೊದಲ ಪಾಠದಲ್ಲಿ ಬರೋ ನಾಲ್ಕು ಕೆಲಸ ನೋಡಿ, ಯಾಕೆ ಈ ಮಾತು ಹೇಳ್ತಿದೀನಿ ಅಂತ ಗೊತ್ತಾಗುತ್ತೆ.

ಒಂದು: ಬಣ್ಣ ಹಾಕೋದು

ಡೆನ್ಮಾರ್ಕ್‌ನ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಅನ್ನೋ ಡಾಕ್ಟರು 1884ರಲ್ಲಿ ಪ್ರಕಟಿಸಿದ ಪದ್ಧತಿ ಇದು. 140 ವರ್ಷ ದಾಟಿದರೂ ಇವತ್ತಿಗೂ ಲ್ಯಾಬಿನಲ್ಲಿ ಮೊದಲ ಕೆಲಸ ಇದೇ. ಸ್ಯಾಂಪಲ್‌ನ್ನು ಗಾಜಿನ ಸ್ಲೈಡ್ ಮೇಲೆ ತೆಳ್ಳಗೆ ಹಚ್ಚಿ, ಒಣಗಿಸಿ, ಬೆಂಕಿಯ ಮೇಲೆ ಹಾಯಿಸಿ ಅಂಟಿಸ್ತಾರೆ. ಆಮೇಲೆ ಕ್ರಿಸ್ಟಲ್ ವಯೊಲೆಟ್ ಅನ್ನೋ ನೇರಳೆ ಬಣ್ಣ ಒಂದು ನಿಮಿಷ, ಅಯೋಡಿನ್ ಒಂದು ನಿಮಿಷ. ನಂತರ ಅಸಿಟೋನ್ ಇಲ್ಲ ಆಲ್ಕೋಹಾಲ್ ಹಾಕಿ ಬಣ್ಣ ತೊಳೀತಾರೆ. ಕೊನೆಗೆ ಸಫ್ರಾನಿನ್ ಅನ್ನೋ ಕೆಂಪು ಬಣ್ಣ. ನೇರಳೆ ಹಿಡಿದುಕೊಂಡ ಬ್ಯಾಕ್ಟೀರಿಯಾ ಗ್ರಾಮ್ ಪಾಸಿಟಿವ್, ನೇರಳೆ ಬಿಟ್ಟು ಗುಲಾಬಿ ಆದದ್ದು ಗ್ರಾಮ್ ನೆಗೆಟಿವ್.

ಕೇಳೋಕೆ ಸುಲಭ. ಎಡವೋದೆಲ್ಲ ಮೂರನೇ ಹಂತದಲ್ಲಿ. ಬಣ್ಣ ತೊಳೆಯೋ ಕೆಲಸ ಕೆಲವೇ ಸೆಕೆಂಡಿನದು. ಜಾಸ್ತಿ ತೊಳೆದರೆ ನೇರಳೆ ಇರಬೇಕಾದ್ದೂ ಗುಲಾಬಿ ಆಗುತ್ತೆ. ಕಡಿಮೆ ತೊಳೆದರೆ ಗುಲಾಬಿ ಆಗಬೇಕಾದ್ದೂ ನೇರಳೆ ಕಾಣುತ್ತೆ. ಸ್ಲೈಡ್ ಮೇಲೆ ದಪ್ಪಗೆ ಹಚ್ಚಿದ್ದರೆ ಎರಡೂ ಕಲೆಸಿಹೋಗುತ್ತೆ. ಗ್ರಾಮ್ ಪಾಸಿಟಿವ್‌ಗೆ ಹಾಕೋ ಔಷಧಿ ಗ್ರಾಮ್ ನೆಗೆಟಿವ್‌ಗೆ ಎಷ್ಟೋ ಸಲ ನಾಟಲ್ಲ. ಬಣ್ಣ ತಪ್ಪಿದರೆ ಡಾಕ್ಟರ ದಾರಿಯೂ ತಪ್ಪುತ್ತೆ. 'ಸಾಕು, ಈಗ ನೀರು ಹಾಕು' ಅನ್ನೋ ಆ ಕ್ಷಣ ಪುಸ್ತಕದಲ್ಲಿ ಓದಿದರೆ ಸಿಗಲ್ಲ, 20-30 ಸ್ಲೈಡ್ ಮಾಡಿದ ಕಣ್ಣಿಗೆ ಸಿಗುತ್ತೆ.

ಎರಡು: ಪ್ಲೇಟ್ ಮೇಲೆ ಗೀರೋದು

ಬ್ಯಾಕ್ಟೀರಿಯಾ ಬೆಳೆಸೋ ಚಪ್ಪಟೆ ಗಾಜಿನ ತಟ್ಟೆಗೆ ಪೆಟ್ರಿ ಡಿಶ್ ಅಂತಾರೆ. ಜರ್ಮನಿಯ ಜೂಲಿಯಸ್ ಪೆಟ್ರಿ 1887ರಲ್ಲಿ ಬಳಕೆಗೆ ತಂದದ್ದು. ಅದರೊಳಗೆ ಇರೋ ಗಟ್ಟಿ ಆಹಾರ ಅಗರ್, ಕಡಲ ಪಾಚಿಯಿಂದ ತಯಾರಾಗೋ ವಸ್ತು. ಅಗರ್ ಬಳಸಿದರೆ ಸೆಕೆಗೂ ಕರಗಲ್ಲ ಅಂತ ಐಡಿಯಾ ಕೊಟ್ಟಾಕೆ ಫ್ಯಾನಿ ಹೆಸ್ಸೆ. ರಾಬರ್ಟ್ ಕಾಕ್ ಎಂಬ ದೊಡ್ಡ ವಿಜ್ಞಾನಿಯ ಲ್ಯಾಬಿನಲ್ಲಿ ಕೆಲಸ ಮಾಡ್ತಿದ್ದ ವಾಲ್ಟರ್ ಹೆಸ್ಸೆಯ ಹೆಂಡತಿ. ಆಕೆಗೆ ಇದು ಗೊತ್ತಿದ್ದದ್ದು ಅಡುಗೆಮನೆಯಿಂದ. ಇಡೀ ಲ್ಯಾಬ್ ಲೋಕ ಇವತ್ತಿಗೂ ಆಕೆಯ ಅಡುಗೆಮನೆ ಜ್ಞಾನದ ಮೇಲೆ ನಡೀತಿದೆ.

ಸ್ಯಾಂಪಲ್‌ನ್ನು ತಂತಿಯ ಉಂಗುರದಲ್ಲಿ, ಅಂದರೆ ಲೂಪಿನಲ್ಲಿ ತೆಗೆದು ಪ್ಲೇಟಿನ ಒಂದು ಮೂಲೆಯಲ್ಲಿ ಗೀರ್ತಾರೆ. ಲೂಪ್‌ನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಆರಿಸಿ, ಮೊದಲ ಗೀರಿನ ತುದಿಯಿಂದ ಎರಡನೇ ಕಡೆಗೆ ಎಳೀತಾರೆ. ಮತ್ತೆ ಕಾಯಿಸಿ ಮೂರನೇ ಕಡೆಗೆ, ಹಾಗೇ ನಾಲ್ಕನೇ ಕಡೆಗೆ. ಯಾಕೆ ಅಂತ ನಮ್ಮ ಊರಿನ ರೈತರಿಗೆ ಹೇಳಬೇಕಾಗಿಲ್ಲ. ಮೆಣಸಿನ ಸಸಿ ಮಡಿಯಲ್ಲಿ ಬೀಜ ಒತ್ತಾಗಿ ಬಿದ್ದರೆ ಯಾವ ಸಸಿ ಯಾವುದು ಅಂತ ಗೊತ್ತಾಗಲ್ಲ, ಕಿತ್ತರೆ ಹತ್ತು ಒಟ್ಟಿಗೆ ಬರ್ತವೆ. ವಿರಳ ಬಿದ್ದರೆ ಒಂದೊಂದೂ ಬೇರೆ ನಿಲ್ಲುತ್ತೆ. ಪ್ಲೇಟಿನಲ್ಲೂ ಹಾಗೇ. ಕೊನೆಯ ಗೀರಿನಲ್ಲಿ ಒಂದೊಂದೇ ಬ್ಯಾಕ್ಟೀರಿಯಾ ದೂರ ದೂರ ಬಿದ್ದು, ಮಾರನೇ ದಿನ ಒಂದೊಂದೂ ಚುಕ್ಕೆಯಾಗಿ ಬೆಳೆದಿರುತ್ತೆ. ಆ ಚುಕ್ಕೆಗೆ ಕಾಲೊನಿ ಅಂತಾರೆ. ಮುಂದಿನ ಟೆಸ್ಟ್ ಎಲ್ಲ ಆ ಒಂಟಿ ಕಾಲೊನಿ ಮೇಲೆ.

ಲೂಪ್ ಕಾಯಿಸೋದು ಮರೆತರೆ, ಕಾಯಿಸಿ ಆರೋ ಮೊದಲೇ ಮುಟ್ಟಿದರೆ, ಒತ್ತಿ ಗೀರಿ ಅಗರ್ ಹರಿದರೆ ಅಷ್ಟೇ. ಒಂದೋ ಎಲ್ಲ ಕಲೆತು ಬೆಳೆಯುತ್ತೆ, ಇಲ್ಲ ಏನೂ ಬೆಳೆಯಲ್ಲ. 'ಏನೂ ಬೆಳೆದಿಲ್ಲ' ಅಂತ ರಿಪೋರ್ಟ್ ಬಂದರೆ ನಾವು ಖುಷಿಪಡ್ತೀವಿ. ಬೆಳೆಯದೇ ಇದ್ದದ್ದು ರೋಗ ಇಲ್ಲ ಅಂತಲೋ, ಬಿಸಿ ಲೂಪಿನಲ್ಲಿ ಸುಟ್ಟುಹೋಯಿತು ಅಂತಲೋ, ಕಾಗದದಲ್ಲಿ ಗೊತ್ತಾಗಲ್ಲ.

ಮೂರು: ಎಣಿಸೋದು

ಮೂತ್ರದ ಕಲ್ಚರಿಗೆ ಬಳಸೋ ಲೂಪ್ ಅಳತೆಯದು. ಮಾಮೂಲಿ ಬಳಕೆಯಲ್ಲಿರೋದು ಒಂದು ಮಿಲಿಲೀಟರ್‌ನ ಸಾವಿರದ ಒಂದು ಭಾಗ ಹಿಡಿಯುತ್ತೆ. ಪ್ಲೇಟಿನಲ್ಲಿ ಎಷ್ಟು ಕಾಲೊನಿ ಬಂತು ಎಣಿಸಿ 1,000ದಿಂದ ಗುಣಿಸಬೇಕು. 100 ಕಾಲೊನಿ ಬಂದರೆ ಮಿಲಿಲೀಟರಿಗೆ 1 ಲಕ್ಷ. ಸೋಂಕು ಇದೆ ಅನ್ನೋಕೆ ಸಾಮಾನ್ಯವಾಗಿ ಹಿಡಿಯೋ ಗೆರೆ ಈ 1 ಲಕ್ಷ. ರೋಗಿಯ ತೊಂದರೆ ನೋಡಿ ಡಾಕ್ಟರು ಇದಕ್ಕಿಂತ ಕಡಿಮೆ ಸಂಖ್ಯೆಯನ್ನೂ ಲೆಕ್ಕಕ್ಕೆ ತಗೋಬಹುದು.

ಅಂಗಡಿ ನಡೆಸೋರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಾಗುತ್ತೆ. ತಕ್ಕಡಿಯಲ್ಲಿ ಒಂದು ಗ್ರಾಂ ತಪ್ಪಿದರೆ ನಷ್ಟ ಒಂದು ಗ್ರಾಂ. ಇಲ್ಲಿ ಒಂದು ಚುಕ್ಕೆ ತಪ್ಪಿದರೆ ಸಾವಿರ. ಲೂಪ್ ಓರೆ ಹಿಡಿದು ಅದ್ದಿದರೆ ಅಳತೆ ಜಾಸ್ತಿ ಬರುತ್ತೆ. ಇನ್ನೊಂದು, ಮೂತ್ರದ ಡಬ್ಬಿ ಟೇಬಲ್ ಮೇಲೆ ಎರಡು ತಾಸಿಗಿಂತ ಹೆಚ್ಚು ಕೂತರೆ ಬ್ಯಾಕ್ಟೀರಿಯಾ ಒಳಗೇ ಮರಿ ಹಾಕುತ್ತೆ. ಆಗ ಎಣಿಸಿದ ಲೆಕ್ಕ ರೋಗಿಯದಲ್ಲ, ಡಬ್ಬಿಯದು. ತಕ್ಷಣ ಆಗದಿದ್ದರೆ ಫ್ರಿಜ್‌ನಲ್ಲಿ ಇಡಬೇಕು. ಮೂರು ನಾಲ್ಕು ಬಗೆ ಒಟ್ಟಿಗೆ ಬೆಳೆದಿದ್ದರೆ ಅದು ಬಹುತೇಕ ಸ್ಯಾಂಪಲ್ ಹಿಡಿಯುವಾಗ ಸೇರಿದ ಕೊಳೆ. ಮತ್ತೆ ಸ್ಯಾಂಪಲ್ ಕೇಳಬೇಕು. ಹಾಗೆ ಕೇಳೋ ಧೈರ್ಯವನ್ನೂ ಟೆಕ್ನಿಷಿಯನ್‌ಗೆ ಕಲಿಸಬೇಕು. ರೋಗಿ ಬೈತಾರೆ ಅಂತ ಇದ್ದದ್ದರಲ್ಲೇ ಬರೆದು ಕಳಿಸೋ ಅಭ್ಯಾಸ ಕಲಿತರೆ ಅದು ಕೊನೆವರೆಗೂ ಬಿಡಲ್ಲ.

ನಾಲ್ಕು: ಔಷಧಿ ಪರೀಕ್ಷೆ

ರಿಪೋರ್ಟಿನಲ್ಲಿ ಔಷಧಿಗಳ ಉದ್ದನೆ ಪಟ್ಟಿ, ಮುಂದೆ 'ಸೆನ್ಸಿಟಿವ್', 'ರೆಸಿಸ್ಟೆಂಟ್' ಅಂತ ಇರುತ್ತಲ್ಲ, ಅದು ಬರೋದು ಕಿರ್ಬಿ-ಬಾವರ್ ಅನ್ನೋ ಪದ್ಧತಿಯಿಂದ. 1966ರಲ್ಲಿ ಪ್ರಕಟವಾದದ್ದು. ಬ್ಯಾಕ್ಟೀರಿಯಾವನ್ನು ಪ್ಲೇಟ್ ತುಂಬ ಸವರಿ, ಔಷಧಿ ಹೀರಿಸಿದ ಸಣ್ಣ ಕಾಗದದ ಬಿಲ್ಲೆಗಳನ್ನು ಇಡ್ತಾರೆ. ರಾತ್ರಿ ಕಳೆದು 16ರಿಂದ 18 ತಾಸಿಗೆ ನೋಡಿದರೆ, ಔಷಧಿ ಕೆಲಸ ಮಾಡಿದ ಕಡೆ ಬಿಲ್ಲೆ ಸುತ್ತ ಖಾಲಿ ವೃತ್ತ ಬಂದಿರುತ್ತೆ. ಅದನ್ನು ಮಿಲಿಮೀಟರ್ ಸ್ಕೇಲಿನಲ್ಲಿ ಅಳೆದು, ಪಟ್ಟಿ ನೋಡಿ ಬರೀತಾರೆ.

ಇದಕ್ಕೆ ಮೂರು ನೇಮ. ಅಗರ್ ದಪ್ಪ 4 ಮಿಲಿಮೀಟರ್ ಇರಬೇಕು. ಬ್ಯಾಕ್ಟೀರಿಯಾ ಕಲೆಸಿದ ನೀರು ಮೆಕ್‌ಫಾರ್ಲೆಂಡ್ 0.5 ಅನ್ನೋ ಮಾದರಿ ಟ್ಯೂಬಿನಷ್ಟೇ ಮಬ್ಬಾಗಿರಬೇಕು. ಇನ್‌ಕ್ಯುಬೇಟರ್ 35 ಡಿಗ್ರಿ ಆಸುಪಾಸಿನಲ್ಲಿ ನಿಲ್ಲಬೇಕು. ಅಗರ್ ಉಳಿಸೋಕೆ ತೆಳ್ಳಗೆ ಸುರಿದರೆ, ನೀರು ತೀರಾ ತಿಳಿಯಾದರೆ, ವೃತ್ತ ದೊಡ್ಡದಾಗುತ್ತೆ. ಕೆಲಸ ಮಾಡದ ಔಷಧಿ ಕೆಲಸ ಮಾಡುತ್ತೆ ಅಂತ ರಿಪೋರ್ಟ್ ಹೋಗುತ್ತೆ. ಡಾಕ್ಟರು ಅದನ್ನೇ ಬರೀತಾರೆ, ರೋಗಿ ದುಡ್ಡು ಕೊಟ್ಟು ಅದನ್ನೇ ನುಂಗ್ತಾರೆ, ಸೋಂಕು ಇದ್ದಲ್ಲೇ ಇರುತ್ತೆ. ಇಷ್ಟಕ್ಕೂ ಕಾರಣ ಒಂದು ಮಿಲಿಮೀಟರ್ ಅಗರ್.

ಯಾಕೆ ಬೋರ್ಡ್ ಮೇಲೇ ಉಳಿಯುತ್ತೆ?

ಎಲ್ಲ ಕಾಲೇಜೂ ಹೀಗೇ ಅಂತ ಹೇಳಲ್ಲ. ಶ್ರದ್ಧೆಯಿಂದ ಕಲಿಸೋ ಮೇಷ್ಟ್ರು ಇದ್ದಾರೆ. ಆದರೆ ಈ ವಿಷಯ ಬೆಂಚಿನಿಂದ ಬೋರ್ಡಿಗೆ ಏರಿ ಕೂರೋದಕ್ಕೆ ಕಾರಣಗಳು ಇವೆ.

ಮೊದಲನೇದು ಟೈಮ್‌ಟೇಬಲ್. ಬುಧವಾರ ಪ್ರಾಕ್ಟಿಕಲ್ ಅಂತಿಟ್ಟುಕೊಳ್ಳಿ. ಇವತ್ತು ಗೀರಿದ ಪ್ಲೇಟ್ ನೋಡಬೇಕಾದ್ದು ಗುರುವಾರ ಬೆಳಗ್ಗೆ. ಔಷಧಿ ಬಿಲ್ಲೆ ಇಟ್ಟರೆ ಅದರ ಉತ್ತರ ಶುಕ್ರವಾರ. ಆದರೆ ಗುರುವಾರ, ಶುಕ್ರವಾರ ಬೇರೆ ಪಾಠ. ಮುಂದಿನ ಬುಧವಾರ ಬರೋ ಹೊತ್ತಿಗೆ ಪ್ಲೇಟ್ ಒಣಗಿ ರೊಟ್ಟಿ ಆಗಿರುತ್ತೆ. ಹೀಗಾಗಿ ಮೇಷ್ಟ್ರು ಮೊದಲೇ ಬೆಳೆಸಿಟ್ಟ ಒಂದು ಪ್ಲೇಟ್ ಎಲ್ಲರಿಗೂ ತೋರಿಸ್ತಾರೆ, ಹುಡುಗರು ರೆಕಾರ್ಡ್ ಬುಕ್ಕಿನಲ್ಲಿ ಚಿತ್ರ ಬರೀತಾರೆ. ಬಣ್ಣದ ಪೆನ್ಸಿಲ್ ಚೆನ್ನಾಗಿ ಹಿಡಿದವರಿಗೆ ಮಾರ್ಕ್ಸ್.

ಎರಡನೇದು ಖರ್ಚು. ಅಗರ್ ಪುಡಿ, ಕುರಿ ರಕ್ತ ಸೇರಿಸಿದ ಬ್ಲಡ್ ಅಗರ್, ಔಷಧಿ ಬಿಲ್ಲೆ ಎಲ್ಲಕ್ಕೂ ಅವಧಿ ಇದೆ, ಬಳಸದಿದ್ದರೆ ಹಾಳು. ಅಗರ್ ತಯಾರಿಸೋಕೆ ಆಟೋಕ್ಲೇವ್ ಬೇಕು. ಅದೊಂದು ದೊಡ್ಡ ಕುಕ್ಕರ್ ಅಂದುಕೊಳ್ಳಿ: 121 ಡಿಗ್ರಿ, 15 ಪೌಂಡ್ ಒತ್ತಡ, 15 ನಿಮಿಷ.

ಮೂರನೇದು ಕರೆಂಟು. ಇನ್‌ಕ್ಯುಬೇಟರ್ ರಾತ್ರಿಯಿಡೀ ಒಂದೇ ಕಾವಿನಲ್ಲಿ ಇರಬೇಕು. ನಮ್ಮಲ್ಲಿ ರಾತ್ರಿ ಕರೆಂಟ್ ಹೋದರೆ ಏನಾಗುತ್ತೆ ಅಂತ ಐಸ್‌ಕ್ರೀಮ್ ಅಂಗಡಿಯವರನ್ನು ಕೇಳಿ.

ನಾಲ್ಕನೇದು, ಕಾಲೇಜು ನಡೆಸೋರು ಹೇಳೋ ಮಾತು: ಈ ಹುಡುಗರು ಓದು ಮುಗಿಸಿ ಸೇರೋದು ಕಲೆಕ್ಷನ್ ಸೆಂಟರಿಗೆ. ರಕ್ತ ತೆಗೆದು ದಾವಣಗೆರೆಗೋ ಹುಬ್ಬಳ್ಳಿಗೋ ಕಳಿಸೋ ಕೆಲಸ. ಅಲ್ಲಿ ಕಲ್ಚರೇ ಇಲ್ಲ ಅಂದ ಮೇಲೆ ಕಲಿಸಿ ಏನು ಪ್ರಯೋಜನ? ಈ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಆದರೆ ಇದು ಸುತ್ತಿ ಸುತ್ತಿ ಅಲ್ಲಿಗೇ ಬರೋ ಮಾತು. ಕೈ ಬರೋ ಟೆಕ್ನಿಷಿಯನ್ ಇಲ್ಲ ಅಂತ ತಾಲೂಕಿನ ಲ್ಯಾಬ್ ಕಲ್ಚರ್ ಇಡಲ್ಲ. ಲ್ಯಾಬಿನಲ್ಲಿ ಕಲ್ಚರ್ ಇಲ್ಲ ಅಂತ ಕಾಲೇಜು ಕಲಿಸಲ್ಲ. ಕಳಿಸಿದ ಸ್ಯಾಂಪಲ್ಲಿಗೆ ರಿಪೋರ್ಟ್ ಬರೋದು ಮೂರು ನಾಲ್ಕು ದಿನಕ್ಕೆ. ಅಷ್ಟರಲ್ಲಿ ರೋಗಿ ಮಾತ್ರೆ ನುಂಗಿ ಮುಗಿಸಿರ್ತಾರೆ. ಹಾಗಾಗಿ ಡಾಕ್ಟರೂ ಕಲ್ಚರ್ ಬರೆಯೋದು ಬಿಡ್ತಾರೆ, ಅಂದಾಜಿನ ಮೇಲೆ ಔಷಧಿ ಬರೀತಾರೆ.

ಅಂದಾಜಿನ ಬೆಲೆ

ಅಂದಾಜಿಗೆ ನಮ್ಮ ಕಡೆ ಎಲ್ಲರಿಗೂ ಗೊತ್ತಿರೋ ಉದಾಹರಣೆ ವಿಡಾಲ್ ಟೆಸ್ಟ್. ಜ್ವರ ಬಂದು ಮೂರನೇ ದಿನಕ್ಕೆ ವಿಡಾಲ್ ಮಾಡಿಸಿ 'ಟೈಫಾಯ್ಡ್ ಪಾಸಿಟಿವ್' ಅಂತ ಬಂದ ಕಾಗದ ಎಷ್ಟು ಮನೆಯಲ್ಲಿಲ್ಲ? ಫ್ರಾನ್ಸಿನ ಫರ್ನಾಂಡ್ ವಿಡಾಲ್ 1896ರಲ್ಲಿ ಹೇಳಿದ ಪರೀಕ್ಷೆ ಇದು. ಇದು ಹಿಡಿಯೋದು ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ಮೈ ತಯಾರಿಸಿದ ಪ್ರತಿಕಾಯವನ್ನು. ಅದು ಸರಿಯಾಗಿ ಏರೋದು ಜ್ವರದ ಎರಡನೇ ವಾರಕ್ಕೆ. ಟೈಫಾಯ್ಡ್ ಓಡಾಡೋ ಊರುಗಳಲ್ಲಿ ಆರೋಗ್ಯವಾಗಿರೋರ ರಕ್ತದಲ್ಲೂ ಅದು ಸ್ವಲ್ಪ ಮಟ್ಟಕ್ಕೆ ಇರುತ್ತೆ. ಹಳೇ ಸೋಂಕಿಗೂ, ಬೇರೆ ಕೆಲವು ಜ್ವರಕ್ಕೂ ಬರಬಹುದು. ಒಂದೇ ವಿಡಾಲ್ ನಂಬಿ ನಿರ್ಧಾರ ಮಾಡೋದು ಸರಿಯಲ್ಲ. ಟೈಫಾಯ್ಡ್ ಹಿಡಿಯೋ ಗಟ್ಟಿ ದಾರಿ ರಕ್ತದ ಕಲ್ಚರ್. ಅದೂ ಮೊದಲ ವಾರದಲ್ಲಿ, ಆಂಟಿಬಯೋಟಿಕ್ ಶುರು ಮಾಡೋ ಮೊದಲು ತೆಗೆದ ರಕ್ತದಲ್ಲಿ. ಆದರೆ ವಿಡಾಲ್ ಕೆಲವೇ ನಿಮಿಷದ ಕೆಲಸ, ಕಲ್ಚರ್ ದಿನಗಳ ಕೆಲಸ. ಸುಲಭದ್ದೇ ಉಳೀತು.

ಅಂದಾಜಿನ ಔಷಧಿ ಒಬ್ಬರಿಗೆ ತಪ್ಪಿದರೆ ಆ ಮನೆಗೆ ನಷ್ಟ. ಊರಿಗೆ ಊರೇ ಹೀಗೆ ನುಂಗಿದರೆ ಔಷಧಿಗೇ ಶಕ್ತಿ ಹೋಗುತ್ತೆ. ಬ್ಯಾಕ್ಟೀರಿಯಾ ಬಗ್ಗೋದು ಬಿಡುತ್ತೆ. 2019ರಲ್ಲಿ ಜಗತ್ತಿನಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ನೇರವಾಗಿ ಬಲಿ ತಗೊಂಡದ್ದು ಸುಮಾರು 12.7 ಲಕ್ಷ ಜನರನ್ನು ಅಂತ 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜು ಮಾಡಿತ್ತು. ಕೇಂದ್ರ ಸರ್ಕಾರ 2017ರಲ್ಲೇ ಇದಕ್ಕೊಂದು ರಾಷ್ಟ್ರೀಯ ಕ್ರಿಯಾ ಯೋಜನೆ ತಂದಿತು. ಮಾತ್ರೆ ಪಟ್ಟಿ ಮೇಲೆ ಕೆಂಪು ಗೆರೆ ಇದ್ದರೆ ಚೀಟಿ ಇಲ್ಲದೆ ಕೊಡಬೇಡಿ, ಕೊಳ್ಳಬೇಡಿ ಅಂತ ಪ್ರಚಾರ ನಡೀತು. ಮೆಡಿಕಲ್ ಶಾಪಿನವರಿಗೆ ಶೆಡ್ಯೂಲ್ ಎಚ್1 ಗೊತ್ತೇ ಇದೆ, 2014ರ ಮಾರ್ಚ್‌ನಿಂದ ಆ ಪಟ್ಟಿಯ ಔಷಧಿಗಳಿಗೆ ಬೇರೆ ರಿಜಿಸ್ಟರ್ ಇಡಬೇಕು. ಅಂಗಡಿಯವರ ಮೇಲೆ ನಿಯಮ ಹಾಕಿದ್ದು ಸರಿಯೇ. ಆದರೆ ಚೀಟಿ ಬರೆಯೋ ಡಾಕ್ಟರ ಕೈಗೆ ನಂಬೋ ಕಲ್ಚರ್ ರಿಪೋರ್ಟ್ ಇಲ್ಲದಿದ್ದರೆ, ಕೌಂಟರಿನಲ್ಲಿ ಎಷ್ಟು ಬಿಗಿ ಮಾಡಿದರೂ ಮೂಲ ಹಾಗೇ ಉಳಿಯುತ್ತೆ.

ಕಲಿಸುವಾಗ ಸುರಕ್ಷತೆ ಮರೆತರೆ

ಕೈಯಾರೆ ಮಾಡಿಸಿ ಅಂದಾಗ ಇನ್ನೊಂದು ಮಾತು ಹೇಳಲೇಬೇಕು. ಅಮೆರಿಕದಲ್ಲಿ 2010ರ ಆಗಸ್ಟ್‌ನಿಂದ 2011ರ ಜೂನ್‌ವರೆಗೆ 38 ರಾಜ್ಯಗಳಲ್ಲಿ 109 ಜನಕ್ಕೆ ಸಾಲ್ಮೊನೆಲ್ಲಾ ಸೋಂಕು ಬಂತು. ಒಬ್ಬರು ತೀರಿಕೊಂಡರು. ಅಲ್ಲಿನ ಸಿಡಿಸಿ ಹುಡುಕಿದಾಗ ನಂಟು ಸಿಕ್ಕಿದ್ದು ಮೈಕ್ರೋಬಯಾಲಜಿ ಲ್ಯಾಬುಗಳಿಗೆ, ಅದರಲ್ಲೂ ಪಾಠದ ಲ್ಯಾಬುಗಳಿಗೆ. ಕಲಿಯೋಕೆ ಅಂತ ಮಾರಾಟಕ್ಕೆ ಸಿಗೋ ತಳಿಯೇ ಅದು. ಲ್ಯಾಬಿನಲ್ಲಿ ಬಳಸಿದ ಪೆನ್ನು, ನೋಟ್‌ಬುಕ್ಕು, ಬ್ಯಾಗು ಮನೆಗೆ ಹೋದರೆ ಅವುಗಳ ಜೊತೆ ಬ್ಯಾಕ್ಟೀರಿಯಾವೂ ಹೋಗುತ್ತೆ. ಲ್ಯಾಬಿಗೆ ಕಾಲಿಡದ ಮನೆಯ ಸಣ್ಣ ಮಕ್ಕಳಿಗೂ ಕಾಯಿಲೆ ಬಂದಿತ್ತು. 2014ರಲ್ಲಿ, 2017ರಲ್ಲಿ ಮತ್ತೆ ಅಂಥದ್ದೇ ಆಯ್ತು.

ಅಲ್ಲಿ ಪೆನ್ನು, ನೋಟ್‌ಬುಕ್ಕು. ನಮ್ಮಲ್ಲಿ ಅದಕ್ಕಿಂತ ದೊಡ್ಡದು ಮೊಬೈಲು. ಗ್ಲೌಸ್ ಹಾಕಿದ ಕೈಯಲ್ಲೇ ಫೋನ್ ಎತ್ತೋದು, ಬೆಂಚ್ ಮೇಲೆ ಇಡೋದು, ಅದನ್ನೇ ಮನೆಗೆ ಒಯ್ದು ಮಗುವಿಗೆ ಕೊಡೋದು. ಕೋಟು ಹಾಕಿಕೊಂಡೇ ಕ್ಯಾಂಟೀನಿಗೆ ಹೋಗೋದು. ಇದನ್ನು ಮೊದಲ ದಿನವೇ ಕಲಿಸಬೇಕು: ಫೋನ್ ಹೊರಗೆ, ಕೋಟು ಒಳಗೆ, ಕೈ ತೊಳೆದು ಹೊರಗೆ ಬಾ. ಬೆಳೆದ ಪ್ಲೇಟ್ ಹಾಗೇ ಕಸಕ್ಕೆ ಹಾಕೋ ಹಾಗಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಲ್ಯಾಬಿನಲ್ಲೇ ಮೊದಲು ಸೋಂಕು ಕೊಂದು, ಆಮೇಲೆ ಹಳದಿ ಚೀಲಕ್ಕೆ ಹಾಕಬೇಕು.

ಸುರಕ್ಷತೆ ನೆಪ ಹೇಳಿ ಪ್ರಾಕ್ಟಿಕಲ್ ಬಿಡಬೇಕಾಗಿಲ್ಲ. ಶುರು ಮಾಡೋಕೆ ಮನೆ ಮೊಸರು ಸಾಕು. ಸ್ವಲ್ಪ ಮೊಸರು ನೀರಿನಲ್ಲಿ ಕಲೆಸಿ ಸ್ಲೈಡ್ ಮೇಲೆ ತೆಳ್ಳಗೆ ಹಚ್ಚಿ ಗ್ರಾಮ್ ಬಣ್ಣ ಹಾಕಿದರೆ ಮೊಸರಿನ ಬ್ಯಾಕ್ಟೀರಿಯಾ ನೇರಳೆ ಬರಬೇಕು. ಗುಲಾಬಿ ಬಂತಾ? ಬಣ್ಣ ಜಾಸ್ತಿ ತೊಳೆದಿದೀಯ, ಮತ್ತೆ ಮಾಡು. ಯಾರಿಗೂ ಅಪಾಯ ಇಲ್ಲ, ಖರ್ಚು ಇಲ್ಲ, ತಪ್ಪು ಹುಡುಗನಿಗೇ ಕಾಣುತ್ತೆ. ಗೀರೋದನ್ನು ಮೊದಲು ಕಾಗದದ ಮೇಲೆ ಪೆನ್ನಿನಲ್ಲಿ, ಆಮೇಲೆ ಖಾಲಿ ಅಗರ್ ಮೇಲೆ, ಆಮೇಲೆ ಅಪಾಯವಿಲ್ಲದ ತಳಿಯಲ್ಲಿ ಮಾಡಿಸಬಹುದು. ಮನಸ್ಸಿದ್ದರೆ ದಾರಿ ಇದೆ.

ನಮ್ಮ ರಾಜ್ಯದಲ್ಲೇ ಇರೋ ಮಾದರಿ

ತಾಲೂಕು ಮಟ್ಟದಲ್ಲಿ ಇದೆಲ್ಲ ಆಗದ ಮಾತು ಅನ್ನೋರು ಕ್ಷಯರೋಗದ ಕೆಲಸ ನೋಡಬೇಕು. ಕಫದ ಸ್ಲೈಡಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡೋ ಕೆಲಸವನ್ನು ಹಳ್ಳಿ ಕಡೆಯ ಆರೋಗ್ಯ ಕೇಂದ್ರಗಳ ಟೆಕ್ನಿಷಿಯನ್‌ಗಳು ವರ್ಷಗಟ್ಟಲೆ ಮಾಡ್ತಾ ಬಂದಿದ್ದಾರೆ. ನೆಗೆಟಿವ್ ಅಂತ ಬರೆಯೋ ಮೊದಲು 100 ಕಡೆ ನೋಡಬೇಕು ಅನ್ನೋ ನೇಮ ಅವರಿಗಿದೆ. ನೋಡಿದ ಸ್ಲೈಡ್ ಎತ್ತಿಡ್ತಾರೆ, ಮೇಲ್ವಿಚಾರಕರು ಅದರಲ್ಲಿ ಕೆಲವನ್ನು ಮೊದಲ ಉತ್ತರ ನೋಡದೆ ಮತ್ತೆ ಪರೀಕ್ಷೆ ಮಾಡ್ತಾರೆ. ತಪ್ಪಿದ್ದರೆ ಬೈಯ್ಯೋದಕ್ಕಿಂತ ತಿದ್ದಿ ಕಲಿಸೋದು ಅದರ ಉದ್ದೇಶ. ಇಂಥ ತರಬೇತಿಗೆ ಹೆಸರಾದದ್ದು ಬೆಂಗಳೂರಿನಲ್ಲಿ 1959ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ. ಈಗ ಟ್ರೂನ್ಯಾಟ್ ಥರದ ಮಷಿನ್ ಬಂದಿವೆ, ಅದು ಬೇರೆ. ಸಾಮಾನ್ಯ ಟೆಕ್ನಿಷಿಯನ್ ಕೈಗೆ ಸರಿಯಾಗಿ ಕಲಿಸಿ, ಮೇಲೆ ಒಂದು ಕಣ್ಣು ಇಟ್ಟರೆ ಕೆಲಸ ನಡೆಯುತ್ತೆ ಅಂತ ಇದರಿಂದ ಗೊತ್ತಾಯ್ತು.

ಕಾನೂನು ಈಗ ಒಂದು ಹೆಜ್ಜೆ ಮುಂದೆ ಹೋಗಿದೆ. 2021ರ ರಾಷ್ಟ್ರೀಯ ಅಲೈಡ್ ಆಂಡ್ ಹೆಲ್ತ್‌ಕೇರ್ ವೃತ್ತಿಗಳ ಆಯೋಗ ಕಾಯ್ದೆಯಲ್ಲಿ ಲ್ಯಾಬ್ ಟೆಕ್ನಿಷಿಯನ್‌ಗಳೂ ಬರ್ತಾರೆ. ಅಲೈಡ್ ಹೆಲ್ತ್ ವೃತ್ತಿಯ ಓದು ಕನಿಷ್ಠ 2,000 ತಾಸು, ಹೆಲ್ತ್‌ಕೇರ್ ವೃತ್ತಿಯ ಡಿಗ್ರಿ ಕನಿಷ್ಠ 3,600 ತಾಸು ಅಂತ ಅದರಲ್ಲಿದೆ. ಒಳ್ಳೇದು. ಆದರೆ 2,000 ತಾಸಿನಲ್ಲಿ ಬೆಂಚಿನ ಮುಂದೆ ಎಷ್ಟು, ಬೋರ್ಡಿನ ಮುಂದೆ ಎಷ್ಟು ಅನ್ನೋದು ಕಾಲೇಜಿಗೆ ಹೋಗಿ ನೋಡಿದರೇ ಗೊತ್ತಾಗೋದು.

ಇನ್ನೊಂದು ಅವಕಾಶ ನಮ್ಮ ಜಿಲ್ಲೆಯಲ್ಲೇ ಇದೆ. ಹಾವೇರಿಗೆ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದೆ. ಮೆಡಿಕಲ್ ಕಾಲೇಜು ಅಂದ ಮೇಲೆ ಮೈಕ್ರೋಬಯಾಲಜಿ ವಿಭಾಗ ಇರಲೇಬೇಕು. ಇದಲ್ಲದೆ 2021ರ ಅಕ್ಟೋಬರ್‌ನಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಆರೋಗ್ಯ ಮೂಲಸೌಕರ್ಯ ಯೋಜನೆಯಲ್ಲಿ ಜಿಲ್ಲೆಗೊಂದು ಸಮಗ್ರ ಸಾರ್ವಜನಿಕ ಆರೋಗ್ಯ ಲ್ಯಾಬ್ ಅನ್ನೋ ಗುರಿ ಇದೆ. ಜಿಲ್ಲೆಯ ಡಿಎಂಎಲ್‌ಟಿ ವಿದ್ಯಾರ್ಥಿಗಳನ್ನು ಸರದಿ ಪ್ರಕಾರ ಎರಡೆರಡು ವಾರ ಅಂಥ ಕಡೆ ನಿಲ್ಲಿಸಿದರೆ ಸಾಕು. ಸೋಮವಾರ ಗೀರಿದ ಪ್ಲೇಟ್ ಮಂಗಳವಾರ ಅವರೇ ನೋಡ್ತಾರೆ, ಬುಧವಾರ ವೃತ್ತ ಅವರೇ ಅಳೀತಾರೆ. ಟೈಮ್‌ಟೇಬಲ್ ತೊಂದರೆಯೂ ತೀರುತ್ತೆ, ಪ್ರತಿ ಕಾಲೇಜು ಬೇರೆ ಬೇರೆ ಸಾಮಾನು ಕೊಳ್ಳೋದೂ ಉಳಿಯುತ್ತೆ. ಇದಕ್ಕೆ ಹೊಸ ಕಟ್ಟಡ ಬೇಡ. ಪ್ಯಾರಾಮೆಡಿಕಲ್ ಬೋರ್ಡ್, ಜಿಲ್ಲಾ ಆರೋಗ್ಯ ಇಲಾಖೆ, ಮೆಡಿಕಲ್ ಕಾಲೇಜು ಮೂವರೂ ಕೂತು ಒಂದು ಆದೇಶ ಮಾಡಬೇಕು. ನಮ್ಮ ಶಾಸಕರು ಜಿಲ್ಲಾ ಸಭೆಯಲ್ಲಿ ಕೇಳಬೇಕಾದ ವಿಷಯ ಇದು.

ನಾವು ಮಾಡಬಹುದಾದ್ದು

ಮಕ್ಕಳನ್ನು ಸೇರಿಸೋ ಮುಂಚೆ ಕಾಲೇಜಿನಲ್ಲಿ ಹೀಗೆ ಕೇಳಿ:

- ಆಟೋಕ್ಲೇವ್, ಇನ್‌ಕ್ಯುಬೇಟರ್ ನಡೀತಿದೆಯಾ? ಕರೆಂಟ್ ಹೋದರೆ ಬ್ಯಾಕಪ್ ಇದೆಯಾ?
- ಒಂದು ಸೂಕ್ಷ್ಮದರ್ಶಕಕ್ಕೆ ಎಷ್ಟು ಹುಡುಗರು?
- ಕೋರ್ಸು ಮುಗಿಯೋದರೊಳಗೆ ಒಬ್ಬೊಬ್ಬರು ಎಷ್ಟು ಗ್ರಾಮ್ ಸ್ಲೈಡ್, ಎಷ್ಟು ಪ್ಲೇಟ್ ತಾವೇ ಮಾಡ್ತಾರೆ?
- ಹಾಕಿದ ಪ್ಲೇಟನ್ನು ಮಾರನೇ ದಿನ ನೋಡೋಕೆ ಟೈಮ್ ಕೊಡ್ತೀರಾ?
- ಆಸ್ಪತ್ರೆ ತರಬೇತಿ ಎಲ್ಲಿ? ಅಲ್ಲಿ ಕಲ್ಚರ್ ನಡೆಯುತ್ತಾ?

ರೋಗಿಯಾಗಿ ಲ್ಯಾಬಿಗೆ ಹೋದಾಗ ಇಷ್ಟು ನೆನಪಿಡಿ. ಡಾಕ್ಟರು ಕಲ್ಚರ್ ಬರೆದಿದ್ದರೆ ಆಂಟಿಬಯೋಟಿಕ್ ಶುರು ಮಾಡೋ ಮೊದಲೇ ಸ್ಯಾಂಪಲ್ ಕೊಡಿ. ಆದರೆ ಜ್ವರ ಜೋರಿದ್ದು ಡಾಕ್ಟರು ತಕ್ಷಣ ಔಷಧಿ ಶುರು ಮಾಡಿ ಅಂದರೆ ತಡ ಮಾಡಬೇಡಿ. ಮೂತ್ರ ಕೊಡುವಾಗ ತೊಳೆದುಕೊಂಡು, ಮೊದಲು ಬಂದದ್ದು ಬಿಟ್ಟು ನಡುವಿನದನ್ನು ಲ್ಯಾಬ್ ಕೊಟ್ಟ ಡಬ್ಬಿಯಲ್ಲೇ ಹಿಡಿಯಿರಿ. ಎರಡು ತಾಸಿನೊಳಗೆ ಮುಟ್ಟಿಸಿ. 'ಮತ್ತೆ ಸ್ಯಾಂಪಲ್ ಕೊಡಿ' ಅಂತ ಟೆಕ್ನಿಷಿಯನ್ ಕೇಳಿದರೆ ಸಿಟ್ಟು ಮಾಡ್ಕೋಬೇಡಿ. ಹಾಗೆ ಕೇಳೋ ಹುಡುಗಿಗೆ ಕೆಲಸ ಬರುತ್ತೆ ಅಂತ ಅರ್ಥ.

ಫೀ ಕಟ್ಟೋ ಮೊದಲು ಕಾಲೇಜಿನ ಲ್ಯಾಬಿಗೆ ಒಮ್ಮೆ ಹೋಗಿ ಬನ್ನಿ. ಇನ್‌ಕ್ಯುಬೇಟರ್ ಬಾಗಿಲು ತೆಗೆದು ತೋರಿಸಿ ಅನ್ನಿ. ಒಳಗೆ ನಿನ್ನೆಯ ದಿನಾಂಕ, ಹುಡುಗರ ರೋಲ್ ನಂಬರ್ ಬರೆದ ಪ್ಲೇಟುಗಳಿದ್ದರೆ ಧೈರ್ಯವಾಗಿ ಸೇರಿಸಿ. ಖಾಲಿ ಇದ್ದರೆ, ಪ್ಲಗ್ಗೇ ಹಾಕಿಲ್ಲ ಅಂದರೆ, ಮುಂದಿನ ಕಾಲೇಜು ನೋಡಿ.